ಎಲ್ಲರೂ ಮುಂದಕ್ಕೇ ನೋಡುತ್ತಾ ಕೂತಿದ್ದಾರೆ

ಮನೆಯಿಂದ,
ಬುಧವಾರ, ಹನ್ನೆರಡನೇ ತಾರೀಕು, ಮಧ್ಯಾಹ್ನ

ನಮ್ಮ ಮನೆಯ ರೈಲು ಮೇಸ್ತ್ರಿಗಳಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ಹೇಗಿದ್ದೀರಿ? ಆಸ್ಪತ್ರೆಯ ಊಟ ಸೇರುತ್ತಿದೆಯೇ? ಲಕ್ವ ಹೊಡೆದ ಬಲಗೈಗೆ ದಿನಾ ವ್ಯಾಯಾಮ ಮಾಡಿಸುತ್ತಿದ್ದಾರೆ ತಾನೇ? ನಿಮ್ಮ ಪತ್ರ ಬರೆದುಕೊಡುವ ನರ್ಸಮ್ಮನಿಗೆ ನನ್ನ ನೆನಪು ತಿಳಿಸಿ. ಅವರ ಅಕ್ಷರ ಮುದ್ದಾಗಿದೆ, ನಿಮ್ಮ ಮಾತು ಮಾತ್ರ ಎಂದಿನಂತೆ ಒರಟು. "ಕೈ ಮೊದಲಿನ ಹಾಗೆ ಆಗೋವರೆಗೂ ಮನೆಗೆ ಬರಲ್ಲ" ಅಂತ ಬರೆಸಿದ್ದೀರಲ್ಲ, ಓದಿ ಎರಡು ದಿನ ನಿಮ್ಮ ಮೇಲೆ ಉರಿದುಬಿದ್ದೆ. ಸಿಟ್ಟು ಇಳಿದ ಮೇಲೆ ಬರೆಯುತ್ತಿದ್ದೇನೆ.

ಮಕ್ಕಳ ಗ್ರಂಥಾಲಯದ ಮೇಡಂ, ನೀವು ಮಾಡಿಕೊಡುತ್ತೇನೆಂದಿದ್ದ ಪುಟ್ಟ ಆಟದ ರೈಲು ಕೇಳಿಕೊಂಡು ಬಂದಿದ್ದರು. "ಮಕ್ಕಳು ದಿನಾ ಕೇಳ್ತಾರೆ ಕಣಮ್ಮ" ಅಂದರು. "ಅವರು ಬರಲಿ" ಅನ್ನುವ ಬದಲು ಯಾವ ಧೈರ್ಯದಲ್ಲೋ "ಈ ತಿಂಗಳೇ ಕೊಡ್ತೀವಿ" ಅಂದುಬಿಟ್ಟೆ. ಬೋಗಿಗಳು ಸಿದ್ಧವಿದ್ದವು, ಒಳಗೆ ಉಗುರಿನಷ್ಟುದ್ದದ ಗೊಂಬೆ ಜನರನ್ನು ಕೂರಿಸುವುದೊಂದೇ ಬಾಕಿ. ಮೂವತ್ತು ವರ್ಷ ಅಂಗಿಗಳಿಗೆ ಗುಂಡಿ ಹೊಲಿದವಳಿಗೆ ಇದೇನು ಮಹಾ ಎಂದುಕೊಂಡೆ. ಮೊದಲ ತೊಡಕು ಕಾಲಿನದು. ಯಾರನ್ನು ಕೂರಿಸಿದರೂ ಕಾಲು ಮುಂದಿನ ಸೀಟಿಗೆ ತಾಗಿ ಹಿಂದಕ್ಕೆ ಮಲಗಿಬಿಡುತ್ತಾರೆ. ನಿಮ್ಮ ಹಳೆಯ ಬೋಗಿಯೊಂದರ ಚಾವಣಿ ತೆಗೆದು ನೋಡಿದರೆ, ಅಯ್ಯೋ ದೇವರೇ, ಅಷ್ಟೂ ಜನರ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದೀರಿ! ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೇವೆ, ಒಂದು ಮಾತು ಹೇಳಬಾರದಿತ್ತೇ? ಒಬ್ಬಳು ಮುದುಕಿಯ ಕಾಲು ಕತ್ತರಿಸುವಾಗ "ತಪ್ಪು ತಿಳ್ಕೋಬೇಡಮ್ಮ" ಅಂದೆ. ನಗಬೇಡಿ.

ಅಂಟಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಬೇಗ ಮುಗಿಯಲಿ ಎಂದು ತಕ್ಷಣ ಹಿಡಿಯುವ ಅಂಟು ಹಾಕಿ ಚಾವಣಿ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಅದರ ಆವಿ ಕೂತು ಕಿಟಕಿಗಳೆಲ್ಲ ಸ್ನಾನದ ಮನೆಯ ಕನ್ನಡಿಯ ಹಾಗೆ ಬೆಳ್ಳಗಾಗಿದ್ದವು. ಎಷ್ಟು ಒರೆಸಿದರೂ ಹೋಗಲಿಲ್ಲ. ಒಳಗಿನವರು ಕಾಣಿಸದ ಮೇಲೆ ಕೂರಿಸಿ ಏನು ಬಂತು? ಎಲ್ಲ ಕಿತ್ತು ಹೊಸ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹಾಕಿದೆ. ಈಗ ಮರಕ್ಕೆ ಹಚ್ಚುವ ಬಿಳಿ ಅಂಟನ್ನು ಸೂಜಿಯ ತುದಿಯಿಂದ ಒಂದೇ ಚುಕ್ಕೆ ಇಟ್ಟು, ಒಂದಿಡೀ ದಿನ ಒಣಗಿಸಿ, ಆಮೇಲೆ ಚಾವಣಿ ಮುಚ್ಚುತ್ತೇನೆ. ಮೊದಲನೇ ಬೋಗಿಯನ್ನು ಹತ್ತು ಸುತ್ತು ಓಡಿಸಿದೆ, ತಿರುವಿನಲ್ಲೂ ಯಾರೂ ಕದಲಲಿಲ್ಲ.

ಆದರೂ ನೋಡಿದರೆ ಮನಸ್ಸಿಗೆ ಒಪ್ಪುತ್ತಿಲ್ಲ. ನಾನು ಕೂರಿಸಿದವರೆಲ್ಲ ಪರೀಕ್ಷೆಗೆ ಕೂತವರ ಹಾಗೆ ಮುಂದಕ್ಕೇ ನೋಡುತ್ತಾರೆ. ನಿಮ್ಮ ಬೋಗಿಯಲ್ಲಿ ಒಬ್ಬ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಾನೆ, ಒಬ್ಬಳು ಪಕ್ಕದವನ ಪೇಪರಿಗೆ ಇಣುಕುತ್ತಾಳೆ, ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಕೂತಿದ್ದಾರೆ. ನಿಮ್ಮದನ್ನೇ ಎದುರಿಗಿಟ್ಟುಕೊಂಡು ಪ್ರಯತ್ನಪಟ್ಟೆ. ಬರಲಿಲ್ಲ.

ಮಾತ್ರೆ ತಪ್ಪಿಸಬೇಡಿ. ನರ್ಸಮ್ಮನ ಮೇಲೆ ರೇಗಬೇಡಿ.

ಇಂತಿ,
ನಿಮ್ಮ ಹೊಲಿಗೆಯವಳು

ವಿ.ಸೂ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸೋಮವಾರ ಡಾಕ್ಟರಿಗೆ ಫೋನ್ ಮಾಡಿದ್ದೆ. ನಡಿಗೆ ಸುಧಾರಿಸುತ್ತದೆ, ಆದರೆ ಆ ಕೈ ಇನ್ನು ಗೊಂಬೆ ಕೂರಿಸುವ ಚಿಮುಟ ಹಿಡಿಯುವುದಿಲ್ಲವಂತೆ. ಫೋನಿಟ್ಟು ತುಂಬಾ ಅತ್ತುಬಿಟ್ಟೆ. ಆಗದ್ದಕ್ಕೆ ಕಾಯುತ್ತಾ ಅಲ್ಲಿ ಕೂರಬೇಡಿ ರೀ. ಎರಡನೇ ಬೋಗಿಗೆ ನಾನಿನ್ನೂ ಯಾರನ್ನೂ ಕೂರಿಸಿಲ್ಲ. ಶನಿವಾರ ಕಾರು ಮಾಡಿಕೊಂಡು ಬರುತ್ತೇನೆ, ಬಟ್ಟೆ ಕಟ್ಟಿಟ್ಟಿರಿ. ಚಿಮುಟ ನಾನು ಹಿಡಿಯುತ್ತೇನೆ. ಯಾರು ಯಾರ ಪಕ್ಕ ಕೂರಬೇಕು ಅಂತ ನೀವು ಹೇಳಿ, ತಪ್ಪಿದರೆ ಬೈಯಿರಿ.