ಮುಳ್ಳು ನೋಡಿ ಗೇರು

ಕಲ್ಮೇಶ,

ಕಾರು ಮಾರುವುದು ಬೇಡ. ನೋಡಲು ಚಡಚಣದಿಂದ ಹೊರಟವರಿಗೆ ಬರಬೇಡಿ ಎಂದು ಫೋನ್ ಮಾಡು. ಕಾರನ್ನು ನಾನು ಒಯ್ದಿದ್ದೇನೆ. ಸಿಂದಗಿ ಕಾಲೇಜಿನಲ್ಲಿ ಇಂದು ನಾನು ಕಲಿಸುವ ಮೊದಲ ಪಾಠ.

ನಿಮ್ಮಣ್ಣ ಅರ್ಧಕ್ಕೆ ಬಿಟ್ಟುಹೋದ ಆರ್‌ಪಿಎಂ ಮೀಟರಿಗೆ ನಿನ್ನೆ ನಾನೇ ವೈರು ಜೋಡಿಸಿದೆ. ಮುಳ್ಳು ಆಡುತ್ತಿದೆ. ಮೀಟರು ನಾಲ್ಕು ಸಿಲಿಂಡರಿನ ಗಾಡಿಯದು, ನಮ್ಮ ಹಳೇ ಕಾರಿಗೆ ಇರುವುದು ಮೂರೇ. ಅದಕ್ಕೇ ಇಂಜಿನ್ನಿನ ಸುತ್ತು ಕಡಿಮೆ ತೋರಿಸುತ್ತದೆ. ಕೆಟ್ಟಿದೆಯೆಂದು ಕಿತ್ತುಹಾಕಬೇಡ.

"ಸಪ್ಪಳ ಕೇಳಿ ಗೇರ್ ಹಾಕಬೇಕ್ರಿ ವೈನಿ, ಮುಳ್ಳ ನೋಡಕೋತ ಕುಂತ್ರ ದಾರಿ ಯಾರ ನೋಡ್ತಾರ?" ಎಂದು ನಕ್ಕೆಯಲ್ಲ. ನಿಮ್ಮಣ್ಣನೂ ಸಪ್ಪಳ ಕೇಳು ಎಂದೇ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಯಾವ ಸಪ್ಪಳವೂ ನನ್ನ ತನಕ ಬರುತ್ತಿಲ್ಲ. ಮುಳ್ಳಾದರೆ ಕಣ್ಣಿಗೆ ಕಾಣುತ್ತದೆ.

ಬುಟ್ಟಿಯಲ್ಲಿ ರೊಟ್ಟಿ ಇವೆ, ಜುಣಕ ಮುಚ್ಚಿಟ್ಟಿದ್ದೇನೆ. ಅತ್ತೆಗೆ ಬಿಪಿ ಗುಳಿಗೆ ನೀನೇ ಕೊಡು, ಮರೆಯುತ್ತಾರೆ. ಕಾರು ಎಲ್ಲಿ ಎಂದು ಕೇಳಿದರೆ ನಿಜ ಹೇಳು. ಸಂಜೆ ಬರುತ್ತಾಳೆ ಎಂದು ಮಾತ್ರ ಹೇಳಬೇಡ. ನಿಮ್ಮಣ್ಣ ಹಾಗೆ ಹೇಳಿಯೇ ಹೋಗಿದ್ದರು. ಸಿಂದಗಿ ಮುಟ್ಟಿದ ಕೂಡಲೇ ಅತ್ತೆಗೆ ನಾನೇ ಫೋನ್ ಮಾಡುತ್ತೇನೆ.

ದಾನೇಶ್ವರಿ