ಫೆಲಿಮ್‌ನ ಗುರುತು

ಟಿಪ್ಪರರಿ, ೧೬೯೫

ಫೆಲಿಮ್,

ಇವತ್ತು ಬೆಳಿಗ್ಗೆ ಸಿಪಾಯಿಗಳು ನಿನ್ನ ಹೆಣವನ್ನು ಕುದುರೆಯ ಮೇಲೆ ಹೇರಿಕೊಂಡು ನನ್ನ ಮನೆ ಬಾಗಿಲಿಗೆ ತಂದರು. ಸತ್ತ ಬಂಡುಕೋರನ ಗುರುತನ್ನು ಆ ಸೀಮೆಯ ಜಮೀನ್ದಾರನೇ ಹೇಳಬೇಕಂತೆ. ಡಬ್ಲಿನ್ನಿನ ಪಾರ್ಲಿಮೆಂಟಿನಲ್ಲಿ ಕೂರುವ ನನ್ನಂಥವನ ಮಾತಿಗೆ ತೂಕ ಹೆಚ್ಚು ಎಂದು ಅವರ ಕ್ಯಾಪ್ಟನ್ ನಕ್ಕ.

"ಎರಡು ವರ್ಷದಿಂದ ಇವನಿಗೆ ಯಾರೋ ರೊಟ್ಟಿ ಹಾಕ್ತಿದ್ರು. ಇವನ್ಯಾರು ಅಂತ ಗೊತ್ತಾದ್ರೆ, ಹಾಕಿದವರೂ ಸಿಗ್ತಾರೆ. ನೋಡಿ ಹೇಳಿ, ಇವನು ಗೊತ್ತಾ?"

ನಿನ್ನ ಕೂದಲಿಗೆ ಕೆಸರು ಮೆತ್ತಿತ್ತು. ಮೈಮೇಲೆ ರೊಟ್ಟಿಯ ಜೊತೆ ನಾನೇ ಕಳಿಸಿದ್ದ ಉಣ್ಣೆಯ ನಿಲುವಂಗಿ ಇತ್ತು. "ಗೊತ್ತಿಲ್ಲ" ಎಂದೆ.

ಅವನು ನಂಬಲಿಲ್ಲ. ಸೀಮೆಯಲ್ಲಿ ಯಾರ ಮಗ ಮನೆಯಲ್ಲಿಲ್ಲ ಎಂದು ವಿಚಾರಿಸಿದ. ನಿನ್ನನ್ನು ಹೆತ್ತು, ನನಗೂ ಹಾಲೂಡಿಸಿ ಬೆಳೆಸಿದ ಅವ್ವನನ್ನು ಕರೆಸಿದ.

"ಇವನು ನಿನ್ನ ಮಗ ಅಲ್ವೇನೇ ಮುದುಕಿ?"

ಅವ್ವ ನಿನ್ನನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ನಿನ್ನ ನಿಲುವಂಗಿಯಿಂದ ಕಣ್ಣು ತಿರುಗಿಸಿದೆ.

"ನನ್ನ ಮಗ ಫ್ರಾನ್ಸಿನ ದಂಡಿಗೆ ಸೇರಿ ಹೋದ ಕಣಪ್ಪ. ಇದ್ಯಾರೋ ಪರದೇಸಿ. ಆದ್ರೂ ಯಾವ ತಾಯಿ ಹೆತ್ತಿದ್ಲೋ ಏನೋ, ಮುಖ ತೊಳೀತೀನಿ, ಬಿಡಿ."

ತೊಳೆದಳು. ಅಳಲಿಲ್ಲ. ಪೇಟೆಯ ಚೌಕದಲ್ಲಿ ತೂಗುಹಾಕಲು ಅವರು ನಿನ್ನನ್ನು ಒಯ್ದರು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. "ಅವ್ವಾ" ಎಂದು ಅವಳ ಕೈ ಹಿಡಿಯಲು ಹೋದೆ. ಹಾಲು ಕುಡಿಸಿದ ದಿನದಿಂದ ಇಲ್ಲಿಯವರೆಗೂ ನನ್ನನ್ನು ಕಂದ ಎಂದೇ ಕರೆದವಳು ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ನಿಂತಳು.

"ಏನಾಗ್ಬೇಕಿತ್ತು, ಧಣಿ?" ಎಂದಳು.