ಗೇಟಿನ ಬಳಿ ನಿಂತವಳು

ಟೂಸಾನ್, ಅರಿಜೋನಾ

ಬಡಾವಣೆ ಸಂಘದ ಅಧ್ಯಕ್ಷರಾದ ಹಾಲ್‌ಸ್ಟೆಡ್ ಅವರಿಗೆ,

ನಿಮ್ಮ ನೋಟಿಸೂ ಫೋಟೋವೂ ತಲುಪಿದವು. ದಿನಾ ಸಂಜೆ ನಿಮ್ಮ ಗೇಟಿನೊಳಗೆ ನಿಲ್ಲುವ ಮುದುಕಿ ನಮ್ಮ ಓಧಾಮ್ ಬುಡಕಟ್ಟಿನವಳು, ಕರೆದುಕೊಂಡು ಹೋಗಿ ಎಂದಿದ್ದೀರಿ. ನಮ್ಮವರು ಯಾರೂ ಬಂದಿಲ್ಲ. ನಿಮ್ಮ ಬಡಾವಣೆಯಿರುವ ಗುಡ್ಡಕ್ಕೆ ಮೊದಲು ನಿಮ್ಮ ಬೇಲಿ ಬಂತು, ಆಮೇಲೆ ರಸ್ತೆ, ಬಂಗಲೆಗಳು, ಈಜುಕೊಳ. ಗೇಟು ಬಂದ ಮೇಲೆ ನಾವು ಕಳ್ಳಿಹಣ್ಣು ಕೀಳಲೂ ಅಲ್ಲಿ ಕಾಲಿಟ್ಟಿಲ್ಲ.

ಅಮ್ಮನಿಗೆ ಫೋಟೋ ತೋರಿಸಿದೆ. "ಗುರುತು ಸಿಗ್ಲಿಲ್ವೇನೇ? ಗುಡ್ಡದ ಮೇಲಿದ್ದ ದೊಡ್ಡ ಕಳ್ಳಿ ಕಣೇ ಇವಳು! ಬಡಾವಣೆಯೋರು ಚೆಂದ ಕಾಣ್ಲಿ ಅಂತ ಕಿತ್ತು ಗೇಟಿನ ಹತ್ರ ನೆಟ್ರಲ್ಲ," ಅಂದಳು. ಮರದೆತ್ತರ ಬೆಳೆಯುವ ಈ ಸಗ್ವಾರೊ ಕಳ್ಳಿಗಳೂ ಮನುಷ್ಯರೇ ಎಂದು ನಮ್ಮ ಹಿರಿಯರು ನಂಬುತ್ತಾರೆ. ನಾನು ನಕ್ಕುಬಿಟ್ಟೆ. ಆಮೇಲೆ ಫೋಟೋದಲ್ಲಿ ಮುದುಕಿಯ ಹಿಂದೆ ನೋಡಿದೆ. ಕಳ್ಳಿ ನೆಟ್ಟಿದ್ದ ಕಟ್ಟೆಯಲ್ಲಿ ಬರೀ ಗುಂಡಿಯಿದೆ.

ಗೇಟಿನ ಬೀಗ ಬದಲಿಸಿ ಪ್ರಯೋಜನವಿಲ್ಲ. ಅವಳು ಹೊರಗೆ ಹೋಗಲು ನಿಂತಿಲ್ಲ. ಮುಖ ಗುಡ್ಡದ ಕಡೆಗಿದೆ. ಅವಳ ಹಳೆಯ ಜಾಗದಲ್ಲಿ ಈಗ ನಿಮ್ಮ ಮಲಗುವ ಕೋಣೆಯಿದೆ ಎಂದು, ಬೇಲಿಯಾಚೆಯಿಂದ ಮನೆ ಕಟ್ಟುವುದನ್ನು ನೋಡಿದ್ದ ಅಮ್ಮ ಗುರುತು ಹೇಳಿದಳು. ಮನೆ ಕೆಡವಿ ಎನ್ನುವುದಿಲ್ಲ. ದಯವಿಟ್ಟು ಮಂಚವನ್ನು ಸ್ವಲ್ಪ ಗೋಡೆಯ ಕಡೆಗೆ ಸರಿಸಿ.

ಇತಿ,
ಡೆಲ್ಫೀನ್ ಆಂಟೋನ್